ಮಾತ್ರೆ ಬಿಡುವ ಮೊದಲು ಶಿಫ್ಟ್ ನೋಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. "ಊಟ ತಿಂಡಿ ಸರಿ ಮಾಡಿಕೊಂಡು ವಾಕಿಂಗ್ ಹೋದರೆ ಶುಗರ್ ಮಾತ್ರೆ ಬಿಡಬಹುದಾ?" ಬೆಂಗಳೂರಿನ ಪೀಣ್ಯ ಎರಡನೇ ಹಂತದ ಸಿಎನ್‌ಸಿ ಆಪರೇಟರ್ ಕೇಳುವುದೂ ಇದನ್ನೇ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ ಹೆಣ್ಣುಮಗಳು ಕೇಳುವುದೂ ಇದನ್ನೇ. ವೈಟ್‌ಫೀಲ್ಡಿನ ಟೆಕ್ಕಿಯ ತಾಯಿ ಹಾಸನದಿಂದ ಮಗನ ಪರವಾಗಿ ಬರೆಯುತ್ತಾರೆ: "ಅವನಿಗಿನ್ನೂ ಮೂವತ್ತನಾಲ್ಕು, ಈಗಲೇ ಮಾತ್ರೆ ಶುರು ಮಾಡಿದರೆ ಮುಂದೇನು ಗತಿ?" ಒಮ್ಮೆ ಶುರುವಾದರೆ ಸಾಯುವ ತನಕ ನುಂಗಬೇಕು ಎಂಬ ಅಂಜಿಕೆ ಆ ಸಾಲಿನಲ್ಲಿದೆ. ಆ ಅಂಜಿಕೆಯನ್ನು ನಾನು ಹಗುರವಾಗಿ ನೋಡಲಾರೆ.

ನೇರ ಉತ್ತರ ಹೇಳಿಬಿಡುತ್ತೇನೆ. ಕೆಲವರು ಬಿಡಬಹುದು. ಇನ್ನೂ ಹೆಚ್ಚು ಜನ ಕಡಿಮೆ ಮಾಡಿಕೊಳ್ಳಬಹುದು. ಕೆಲವರು ಯಾವ ಕಾರಣಕ್ಕೂ ಬಿಡಬಾರದು. ಯಾರು ಯಾವ ಗುಂಪಿನವರು ಎಂಬುದು ಕಾಯಿಲೆ ಬಂದು ಎಷ್ಟು ವರ್ಷವಾಯಿತು, ಹೊಟ್ಟೆಯ ಸುತ್ತಳತೆ ಎಷ್ಟು, ಮೇದೋಜೀರಕ ಗ್ರಂಥಿಯಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂಬುದರ ಮೇಲೆ ನಿಂತಿದೆ. ಇವಿಷ್ಟು ಪಠ್ಯಪುಸ್ತಕದಲ್ಲೂ ಸಿಗುತ್ತವೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಜನರನ್ನು ವರ್ಷಗಳಿಂದ ನೋಡುತ್ತಾ ನಾನು ಇದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ಆ ಮನುಷ್ಯನ ದಿನ ಯಾರ ಕೈಯಲ್ಲಿದೆ? ಹಾಗಾಗಿ ರಿಪೋರ್ಟ್ ಬಿಚ್ಚುವ ಮೊದಲೇ "ಯಾವ ಶಿಫ್ಟು?" ಎಂದು ಕೇಳುತ್ತೇನೆ.

ಮೊದಲು ವಿಜ್ಞಾನ ಏನು ಹೇಳುತ್ತದೆ ನೋಡೋಣ. ಊಟ ಬದಲಿಸಿ, ತೂಕ ಇಳಿಸಿ ಟೈಪ್ 2 ಸಕ್ಕರೆ ಕಾಯಿಲೆಯನ್ನು ಹಿಂದಕ್ಕೆ ತಳ್ಳಬಹುದು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಕೊಟ್ಟದ್ದು ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ. ರಾಯ್ ಟೇಲರ್ ಮತ್ತು ಮೈಕ್ ಲೀನ್ ಎಂಬ ವೈದ್ಯರ ತಂಡ ಅದರ ಮೊದಲ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿತು. ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಮಾತ್ರ ಕೊಟ್ಟು, ನಂತರ ನಿಧಾನವಾಗಿ ಮಾಮೂಲಿ ಊಟಕ್ಕೆ ತಂದರು. ವರ್ಷದ ಕೊನೆಯಲ್ಲಿ ಶೇಕಡ 46 ಜನ ಮಾತ್ರೆಯಿಲ್ಲದೆ ಸಕ್ಕರೆ ಅಂಶ ಹಿಡಿತದಲ್ಲಿಟ್ಟುಕೊಂಡಿದ್ದರು. ಹದಿನೈದು ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಂತೂ ಶೇಕಡ 86. ಎರಡನೇ ವರ್ಷದ ಹೊತ್ತಿಗೆ ಒಟ್ಟಾರೆ ಪ್ರಮಾಣ ಶೇಕಡ 36ಕ್ಕೆ ಇಳಿಯಿತು, ಏಕೆಂದರೆ ಕೆಲವರ ತೂಕ ಮರಳಿ ಏರಿತು. ಯಕೃತ್ತು ಮತ್ತು ಮೇದೋಜೀರಕದೊಳಗೆ ಸೇರಿಕೊಂಡ ಕೊಬ್ಬು ಕರಗಿದರೆ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುತ್ತದೆ ಎಂಬುದು ಟೇಲರ್ ಅವರ ವಿವರಣೆ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, 6.5ಕ್ಕಿಂತ ಕೆಳಗಿದ್ದರೆ ಅದನ್ನು ಉಪಶಮನ ಎನ್ನುತ್ತೇವೆ. ವಾಸಿಯಾಯಿತು ಎನ್ನುವುದಿಲ್ಲ. ತೂಕ ಬಂದರೆ ಕಾಯಿಲೆಯೂ ಬರುತ್ತದೆ, ವರ್ಷಕ್ಕೊಮ್ಮೆಯಾದರೂ ತಪಾಸಣೆ ತಪ್ಪಿಸುವಂತಿಲ್ಲ.

ಇದನ್ನು ವಾಟ್ಸ್ಆ್ಯಪ್‌ನಲ್ಲಿ ಓದಿದ ಒಬ್ಬ ಪ್ರೆಸ್ ಶಾಪ್ ಕಾರ್ಮಿಕರು ನನ್ನ ಬಳಿ ಬಂದು "ನಾನೂ ಹದಿನೈದು ಕೆಜಿ ಇಳಿಸ್ತೀನಿ ಮೇಡಂ" ಎಂದರು. ಅವರ ತೂಕ ಇದ್ದದ್ದೇ 62. ಅಲ್ಲಿಂದ ಹದಿನೈದು ಕಿಲೋ ಇಳಿದರೆ ಅವರು ಯಂತ್ರದ ಮುಂದೆ ನಿಲ್ಲುವುದೇ ಕಷ್ಟ. ಬ್ರಿಟನ್ನಿನ ಆ ಜನರ ಸರಾಸರಿ ತೂಕ ನೂರು ಕಿಲೋದ ಆಸುಪಾಸಿನಲ್ಲಿತ್ತು, ನಮ್ಮ ಮೈಕಟ್ಟೇ ಬೇರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಚಿತ್ರವನ್ನು ಬ್ರಿಟಿಷ್ ವೈದ್ಯ ಜಾನ್ ಯುಡ್ಕಿನ್ ಅವರ ಚಿತ್ರದ ಪಕ್ಕದಲ್ಲಿಟ್ಟು ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ ಶೇಕಡ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಅಣ್ಣತಮ್ಮಂದಿರನ್ನು ನೆನೆಸಿಕೊಂಡರೆ ಈ ಅಂಕಿಗಳು ಅರ್ಥವಾಗುತ್ತವೆ. ಅದಕ್ಕೇ ನಮಗೆ ತೂಕದ ಮೆಷಿನ್‌ಗಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು.

ತೆಳ್ಳಗಿರುವವರಿಗೂ ಇದರಲ್ಲಿ ಆಶೆಯ ಸುದ್ದಿ ಇದೆ, ಅದು ನಮ್ಮ ನೆರೆಯಿಂದಲೇ ಬಂದಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ, ನಮ್ಮವರು ಬಾರ್ಡರ್‌ನಲ್ಲಿದೆ ಎನ್ನುವ ಸ್ಥಿತಿಯಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಏನೂ ಬದಲಿಸದವರಲ್ಲಿ ಶೇಕಡ 55 ಜನರಿಗೆ ಕಾಯಿಲೆ ಬಂತು. ಊಟ ನಡಿಗೆ ತಿದ್ದಿಕೊಂಡವರಲ್ಲಿ ಶೇಕಡ 39.3, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 40.5. ಎರಡನ್ನೂ ಮಾಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನನಗೆ ಬಹಳ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ: ಜೀವನಶೈಲಿ ಬದಲಿಸಿದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಕಾಯಿಲೆ ತಡೆಯಿತು. ತೂಕದ ಮುಳ್ಳು ಅಲ್ಲಾಡಲಿಲ್ಲವೆಂದು ಎರಡೇ ತಿಂಗಳಿಗೆ ವಾಕಿಂಗ್ ಬಿಡುವವರಿಗೆಲ್ಲ ನಾನು ಈ ಫಲಿತಾಂಶ ಹೇಳುತ್ತೇನೆ.

ಈಗ ಮೈಯೊಳಗೆ ನಡೆಯುವುದೇನು ಎಂದು ಒಂದಿಷ್ಟು. ಊಟವಾದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲು ಸ್ನಾಯುಗಳಿಗೆ ಹೋಗಬೇಕು. ಒಳಗೆ ಬಿಡುವಂತೆ ಸ್ನಾಯುವಿಗೆ ಹೇಳುವುದು ಇನ್ಸುಲಿನ್. ಕಾಯಿಲೆಯಲ್ಲಿ ಆ ಮಾತು ಸ್ನಾಯುವಿಗೆ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಸ್ನಾಯು ತಾನೇ ಕುಗ್ಗಿ ಹಿಗ್ಗುವಾಗ, ಇನ್ಸುಲಿನ್ ಮುಂಬಾಗಿಲು ತಟ್ಟುವುದನ್ನು ಕಾಯದೆ, ಹಿತ್ತಿಲ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಕರೆದುಕೊಳ್ಳುತ್ತದೆ. ಊಟವಾದ ಹತ್ತು ಹದಿನೈದು ನಿಮಿಷದ ನಡಿಗೆಗೆ ಇಷ್ಟು ಬೆಲೆ ಬರುವುದು ಇದರಿಂದಲೇ. ಆಸ್ಟ್ರೇಲಿಯಾದಲ್ಲಿ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುರ್ಚಿಯಲ್ಲೇ ಗಂಟೆಗಟ್ಟಲೆ ಕೂತವರನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ಮೆಲ್ಲಗೆ ನಡೆಸಿದ್ದಕ್ಕೇ ಊಟದ ನಂತರದ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ತಗ್ಗಿತು. ಇದಕ್ಕೆ ಜಿಮ್ ಬೇಕಿಲ್ಲ, ಟ್ರ್ಯಾಕ್ ಸೂಟ್ ಬೇಕಿಲ್ಲ. ಕೂತಲ್ಲಿಂದ ಎದ್ದು ಹೋಗುವ ಸ್ವಾತಂತ್ರ್ಯ ಬೇಕು.

ವೈಟ್‌ಫೀಲ್ಡಿನ ಎಂಜಿನಿಯರಿಗೆ ಆ ಸ್ವಾತಂತ್ರ್ಯ ಇದೆ, ಆದರೆ ಒಂದರ ಬೆನ್ನಿಗೊಂದು ಮೀಟಿಂಗ್ ನಡುವೆ ಅವರು ಅದನ್ನು ಮರೆಯುತ್ತಾರೆ. ಪೀಣ್ಯದ ಕಾರ್ಮಿಕರಿಗೆ ಅದು ಇಲ್ಲ. "ಎಂಟು ಗಂಟೆ ನಿಂತೇ ಇರ್ತೀನಿ, ಮೇಲೆ ನಾಲ್ಕು ಗಂಟೆ ಓಟಿ. ಇನ್ನು ವಾಕಿಂಗ್ ಬೇರೆ ಯಾಕೆ ಮೇಡಂ?" ಎಂದು ಅವರು ಕೇಳುವುದರಲ್ಲಿ ನ್ಯಾಯವಿದೆ. ನಿಂತರೆ ಕಾಲು ನೋಯುತ್ತದೆ, ಮೈ ದಣಿಯುತ್ತದೆ. ಆದರೆ ಒಂದೇ ಜಾಗದಲ್ಲಿ ನಿಂತು ಕೆಲಸದ ತುಂಡನ್ನು ಹಾಕಿ ತೆಗೆಯುವಾಗ ದೊಡ್ಡ ಸ್ನಾಯುಗಳು ದುಡಿಯುವುದು ಕಡಿಮೆ, ಹೃದಯದ ಬಡಿತ ಏರುವುದೂ ಕಡಿಮೆ. ದಣಿವು ಬೇರೆ, ವ್ಯಾಯಾಮ ಬೇರೆ. ಲಂಡನ್ನಿನ ಜೆರ್ರಿ ಮಾರಿಸ್ 1953ರಲ್ಲಿ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದಾಗ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತು ಓಡಿಸುವ ಡ್ರೈವರುಗಳಲ್ಲಿ ಹೃದಯಾಘಾತ ಹೆಚ್ಚು ಎಂದು ಕಂಡಿತು. ಕೆಲಸ ಒಂದೇ ಬಸ್ಸಿನಲ್ಲಿ, ಸಂಬಳ ಹೆಚ್ಚುಕಡಿಮೆ ಒಂದೇ ವರ್ಗದ್ದು. ಹೃದಯಕ್ಕೆ ಒದಗಿದ್ದು ಮೆಟ್ಟಿಲು. ಪೀಣ್ಯದವರಿಗೆ ನಾನು ಹೇಳುವುದು ಇಷ್ಟೇ: ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿಯಲ್ಲೋ ಬಸ್ ಇಳಿದು ರೂಮಿಗೆ ಹೋಗುವ ದಾರಿಯನ್ನು ಮಾತ್ರ ಬಿರುಸಾಗಿ ನಡೆಯಿರಿ, ಮೆಟ್ರೊದಲ್ಲಿ ಬಂದರೆ ಎಸ್ಕಲೇಟರ್ ಬಿಡಿ. ಭಾನುವಾರ ಒಂದು ಗಂಟೆ ಓಡಿ ವಾರವಿಡೀ ಬಿಡುವುದಕ್ಕಿಂತ ದಿನದ ಹದಿನೈದು ನಿಮಿಷ ಹೆಚ್ಚು ಕಾಲ ಉಳಿಯುತ್ತದೆ.

ಊಟದ ವಿಷಯದಲ್ಲಿ ನನಗೆ ಬರುವ ಜಗಳವೆಲ್ಲ ರಾಗಿಯದು. ಅನ್ನ ಬಿಟ್ಟು ಮುದ್ದೆ ತಿನ್ನುತ್ತಿದ್ದೇನೆ, ಆದರೂ ಶುಗರ್ ಇಳಿಯುತ್ತಿಲ್ಲ ಎಂದು ಮಂಡ್ಯ, ತುಮಕೂರು, ರಾಮನಗರದ ಕಡೆಯಿಂದ ಬಂದು ಇಲ್ಲಿ ದುಡಿಯುವವರು ಬೇಸರ ಮಾಡಿಕೊಳ್ಳುತ್ತಾರೆ. ರಾಗಿ ಒಳ್ಳೆಯ ಧಾನ್ಯ. ನೂರು ಗ್ರಾಂನಲ್ಲಿ ಸುಮಾರು 11 ಗ್ರಾಂ ನಾರು, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಆ ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವೂ ಇದೆ, ಮತ್ತು ಒಂದು ದೊಡ್ಡ ಮುದ್ದೆಗೆ ನೂರು ಗ್ರಾಂ ಹಿಟ್ಟು ಸುಲಭವಾಗಿ ಹಿಡಿಯುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ಬೇಗನೆ ರಕ್ತ ಸೇರುತ್ತದೆ. ಎರಡು ಮುದ್ದೆ, ಮೇಲೆ ಒಂದು ಪಾತ್ರೆ ಅನ್ನ, ಜೊತೆಗೆ ನೀರಾದ ಸಾರು ಎಂಬ ಊಟ ಹೊಲದಲ್ಲಿ ಗುದ್ದಲಿ ಹಿಡಿದ ಅಪ್ಪನಿಗೆ ಸರಿಹೋಗಿತ್ತು. ಲೇತ್ ಮುಂದೆ ನಿಂತ ಮಗನಿಗೆ ಹೊಂದುವುದಿಲ್ಲ. ಒಂದೇ ಸಣ್ಣ ಮುದ್ದೆ ಇರಲಿ, ತಟ್ಟೆಯ ಉಳಿದ ಜಾಗವನ್ನು ಸೊಪ್ಪಿನ ಬಸ್ಸಾರು, ಹುರುಳಿಕಾಳು, ಅವರೆಕಾಳು, ಮೊಳಕೆ ಬರಿಸಿದ ಹೆಸರುಕಾಳು ತುಂಬಲಿ. ತಿನ್ನುವವರಿಗೆ ಮೊಟ್ಟೆ, ಮೀನು ಇದೆ. ದೇಶದುದ್ದಕ್ಕೂ ನಡೆದ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆಯ ಆಹಾರ ವರದಿ 2025ರಲ್ಲಿ ಬಂದಾಗ, ನಮ್ಮ ಕ್ಯಾಲೊರಿಯಲ್ಲಿ ಶೇಕಡ 62ರಷ್ಟು ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆ ಎಂದು ತಿಳಿಯಿತು. ಒಟ್ಟು ಕ್ಯಾಲೊರಿಯ ಶೇಕಡ 5ರಷ್ಟನ್ನು ಪಿಷ್ಟದಿಂದ ಕಾಳು ಬೇಳೆ ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬದಲಿಸಿಕೊಂಡರೂ ಅಪಾಯ ಕಡಿಮೆ ಎಂಬುದು ಅದೇ ವರದಿಯ ಲೆಕ್ಕ. ಅಕ್ಕಿ ಬಿಟ್ಟು ಗೋಧಿ, ಗೋಧಿ ಬಿಟ್ಟು ಸಿರಿಧಾನ್ಯ ಎಂದು ಧಾನ್ಯ ಧಾನ್ಯಗಳ ನಡುವೆಯೇ ಸುತ್ತುವುದರಿಂದ ಅಷ್ಟು ಪ್ರಯೋಜನವಿಲ್ಲ.

ಉಪ್ಪಿನ ಬಗ್ಗೆ ಎರಡೇ ಮಾತು. ಬಿಪಿ ಇರಲಿ ಬಿಡಲಿ, ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಸಾಕು. ಕ್ಯಾಂಟೀನಿನ ಸಾರು, ಉಪ್ಪಿನಕಾಯಿ, ಸಂಜೆಯ ಬೇಕರಿ ಪಫ್ಸ್, ಖಾರಾ ಬನ್ ಸೇರಿದರೆ ರಾತ್ರಿ ಊಟಕ್ಕೆ ಮೊದಲೇ ಅದು ಮುಗಿದಿರುತ್ತದೆ.

ಇನ್ನು ರಾತ್ರಿ ಪಾಳಿ. ಇದರ ಬಗ್ಗೆ ನಾವು ವೈದ್ಯರು ಮಾತಾಡುವುದು ತೀರಾ ಕಡಿಮೆ ಎಂದು ನನಗೆ ಅನ್ನಿಸುತ್ತದೆ. ಮೈಗೆ ತನ್ನದೇ ಗಡಿಯಾರ ಇದೆ. ಕತ್ತಲಾದ ಮೇಲೆ ಮೆಲಟೋನಿನ್ ಏರುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಮಧ್ಯಾಹ್ನ ಒಂದಕ್ಕೆ ತಿಂದ ಅನ್ನವನ್ನೇ ಮಧ್ಯರಾತ್ರಿ ಒಂದಕ್ಕೆ ತಿಂದರೆ ಸಕ್ಕರೆ ಹೆಚ್ಚು ಏರಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರ್ ಹುಡುಗಿಗೆ ಸಂಜೆ ಕ್ಯಾಬ್ ಬರುತ್ತದೆ, ರಾತ್ರಿ ಹನ್ನೊಂದೂವರೆಗೆ ಕ್ಯಾಂಟೀನಿನಲ್ಲಿ ಫ್ರೈಡ್ ರೈಸ್, ಎರಡಕ್ಕೆ ನಿದ್ದೆ ತಡೆಯಲು ಚಹಾ ಬಿಸ್ಕತ್ತು, ನಸುಕಿಗೆ ಪಿಜಿ ಸೇರಿ ಹಗಲಲ್ಲಿ ಗದ್ದಲದ ನಡುವೆ ಐದು ಗಂಟೆ ನಿದ್ದೆ. ಇವಳಿಗೆ ನಾನು "ಬೆಳಗ್ಗೆ ಆರಕ್ಕೆ ಎದ್ದು ನಡೆ" ಎಂದು ಬರೆದುಕೊಟ್ಟರೆ ಆ ಚೀಟಿಗೆ ಅರ್ಥವಿಲ್ಲ. 2021ರಲ್ಲಿ ಅಮೆರಿಕದ ಬೋಸ್ಟನ್ನಿನ ಸಂಶೋಧಕರು ಆರೋಗ್ಯವಂತ ಯುವಜನರನ್ನು ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಯ ದಿನಚರಿಯಲ್ಲಿರಿಸಿ ನೋಡಿದರು. ರಾತ್ರಿಯೂ ಉಂಡವರ ಸರಾಸರಿ ಸಕ್ಕರೆ ಶೇಕಡ 6.4ರಷ್ಟು ಏರಿತು. ರಾತ್ರಿ ಎಚ್ಚರವಿದ್ದರೂ ಊಟವನ್ನು ಹಗಲಿಗೇ ಉಳಿಸಿಕೊಂಡವರಲ್ಲಿ ಆ ಏರಿಕೆ ಕಾಣಲಿಲ್ಲ. ಸಣ್ಣ ಪ್ರಯೋಗ, ಹತ್ತೊಂಬತ್ತು ಜನರದ್ದು. ಆದರೂ ಅದರಿಂದ ಒಂದು ಉಪಾಯ ಸಿಗುತ್ತದೆ. ರಾತ್ರಿ ಪಾಳಿಯವರು ಮುಖ್ಯ ಊಟವನ್ನು ಕ್ಯಾಬ್ ಹತ್ತುವ ಮೊದಲೇ ಮುಗಿಸಲಿ. ನಡುರಾತ್ರಿ ಹಸಿದರೆ ಮಜ್ಜಿಗೆ, ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ, ಸೌತೆಕಾಯಿ. ಬೆಳಗ್ಗೆ ಬಂದು ಲಘು ತಿಂಡಿ ತಿಂದು, ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಲಿ. ಸಕ್ಕರೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತು ಬದಲಿಸುವ ಮೊದಲು ವೈದ್ಯರನ್ನು ಕಾಣಲೇಬೇಕು. ಊಟ ತಪ್ಪಿದರೆ ಆ ಔಷಧಿಗಳು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಬೆವರು, ನಡುಕ, ಕಣ್ಣು ಕತ್ತಲೆ ಬರುವುದು ಯಂತ್ರದ ಮುಂದೆ ಆದರೆ ಕೈಯೇ ಹೋಗಬಹುದು.

ಹಗಲು ಪಾಳಿಯ ಐಟಿಯವರೂ ಸುಖದಲ್ಲಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇಕಡ 84 ಜನರ ಯಕೃತ್ತಿನಲ್ಲಿ ಕೊಬ್ಬು ಕೂತಿತ್ತು, ನಾವು ಫ್ಯಾಟಿ ಲಿವರ್ ಎನ್ನುತ್ತೇವಲ್ಲ ಅದು. ವೈಟ್‌ಫೀಲ್ಡಿನ ಕುರ್ಚಿ, ಮೀಟಿಂಗು, ಆನ್‌ಲೈನ್ ಊಟ ಹೈದರಾಬಾದಿಗಿಂತ ಬೇರೆಯಲ್ಲ, ಹಾಗಾಗಿ ಅಂಕಿ ತೀರಾ ದೂರ ಇರಲಾರದು ಎಂದು ನನ್ನ ಊಹೆ. ಸಂತೋಷದ ವಿಷಯವೆಂದರೆ ಯಕೃತ್ತು ಕ್ಷಮಿಸುವ ಅಂಗ. ದೇಹದ ತೂಕದಲ್ಲಿ ಶೇಕಡ ಏಳರಿಂದ ಹತ್ತರಷ್ಟು ಇಳಿದರೆ ಅಲ್ಲಿಯ ಕೊಬ್ಬೂ ಉರಿಯೂತವೂ ಕಣ್ಣಿಗೆ ಕಾಣುವಷ್ಟು ತಗ್ಗುತ್ತವೆ. ಅದಕ್ಕೆ ಮೊದಲು ಬಿಡಬೇಕಾದ್ದು ವಾರಾಂತ್ಯದ ಮದ್ಯ ಮತ್ತು ದಿನದ ಸಿಹಿ ಪಾನೀಯ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್, ಎಲ್ಲರ ಅಪ್ಪು, ಹೃದಯಾಘಾತದಿಂದ 46ರ ವಯಸ್ಸಿಗೇ ಹೋದಾಗ ನಾಡಿಗೆ ನಾಡೇ ಅತ್ತಿತು. ಮರುದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲು ಬೆಳೆಯಿತು. 2025ರ ಮಧ್ಯದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಆ ದಿನಗಳಲ್ಲಿ ಎಷ್ಟೋ ಜನ ಹೆದರಿ ವ್ಯಾಯಾಮವನ್ನೇ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಅಪ್ಪು ಅವರಂಥವರಿಗೇ ಹೀಗಾದರೆ ನಮ್ಮ ಪಾಡೇನು ಎಂಬ ನೋವಿನ ಮಾತದು. ಒಬ್ಬರ ಸಾವಿನಿಂದ ಎಲ್ಲರ ಲೆಕ್ಕ ತೆಗೆಯಲಾಗದು. ಲೆಕ್ಕ ಬೇಕಿದ್ದರೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ಇದೆ. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ವೈದ್ಯರಾದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. 2004ರ ಆ ವರದಿಯ ಪ್ರಕಾರ ಮೊದಲ ಹೃದಯಾಘಾತದ ಅಪಾಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬದಲಿಸಬಹುದಾದ ಕಾರಣಗಳಿಂದ ಬರುತ್ತದೆ: ತಂಬಾಕು, ಕೊಲೆಸ್ಟರಾಲ್ ದೋಷ, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ಚಲನೆಯಿಲ್ಲದ ಬದುಕು ಇತ್ಯಾದಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಬೇರೆಯವರಿಗಿಂತ ಐದಾರು ವರ್ಷ ಮೊದಲು. ಹಲವು ವರ್ಷ ಅಭ್ಯಾಸ ತಪ್ಪಿದವರು ಒಮ್ಮೆಲೇ ಭಾರ ಎತ್ತಬಾರದು, ನಲವತ್ತು ದಾಟಿದವರು ತಪಾಸಣೆ ಮಾಡಿಸಿಕೊಂಡು ಮೆಲ್ಲಗೆ ಶುರು ಮಾಡಬೇಕು, ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಬೇಕು. ಇಷ್ಟು ಎಚ್ಚರ ಸಾಕು. ಬೀಡಿ ಸಿಗರೇಟು ಬಿಟ್ಟವರಿಗೆ ವರ್ಷದೊಳಗೇ ಅದರಿಂದ ಬಂದಿದ್ದ ಹೆಚ್ಚಿನ ಹೃದಯಾಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ನನಗೆ ಗೊತ್ತಿರುವ ಯಾವ ಮಾತ್ರೆಯೂ ಇಷ್ಟು ಅಗ್ಗದಲ್ಲಿ ಇಷ್ಟು ಕೊಡುವುದಿಲ್ಲ.

ಬೆಂಗಳೂರಿನ ಈ ಕೈಗಾರಿಕಾ ಪ್ರದೇಶಗಳ ಆಚೀಚೆಯೇ ಪ್ರಕೃತಿ ಚಿಕಿತ್ಸೆ, ಯೋಗದ ದೊಡ್ಡ ಕೇಂದ್ರಗಳೂ ಇವೆ. ಪೀಣ್ಯ ದಾಟಿದರೆ ತುಮಕೂರು ರಸ್ತೆಯಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾ ಕೇಂದ್ರ, ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ. ಸಕ್ಕರೆ ಕಾಯಿಲೆಗೆ ಯೋಗದ ಬಗ್ಗೆ ದೇಶವ್ಯಾಪಿ ಸಮೀಕ್ಷೆ, ಪ್ರಯೋಗಗಳನ್ನು ಎಸ್-ವ್ಯಾಸ 2017ರಲ್ಲಿ ಕೈಗೆತ್ತಿಕೊಂಡಿತ್ತು. ಇಂಥ ಶಿಬಿರಕ್ಕೆ ಹತ್ತು ಹದಿನೈದು ದಿನ ಹೋಗಿ ಬಂದವರ ಶುಗರ್ ಇಳಿದಿರುವುದನ್ನು ಕಾಣುತ್ತೇನೆ, ಬಹಳ ಸಂತೋಷವಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಹತ್ತಕ್ಕೆ ನಿದ್ದೆ, ಬೆಳಗ್ಗೆ ನಡಿಗೆ, ಫೋನಿಲ್ಲದ ಸಂಜೆ ಇದ್ದರೆ ಇಳಿಯಲೇಬೇಕು. ಮೂರು ತಿಂಗಳ ನಂತರ ಅವರಲ್ಲಿ ಅನೇಕರ ಅಂಕಿ ಹಳೆಯ ಜಾಗಕ್ಕೆ ಬಂದಿರುತ್ತದೆ. ಆಗ ಅವರು ತಮ್ಮ ಮನಸ್ಸಿನ ದೌರ್ಬಲ್ಯವನ್ನು ಬೈದುಕೊಳ್ಳುತ್ತಾರೆ, ಮನೆಯವರೂ ಬೈಯುತ್ತಾರೆ. ಹಾಗೆ ಬೈಯಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಶಿಬಿರದಲ್ಲಿ ಅವರ ದಿನ ಅವರ ಆರೋಗ್ಯಕ್ಕಾಗಿ ಜೋಡಣೆಯಾಗಿತ್ತು. ಹೊರಗೆ ಬಂದೊಡನೆ ಅದು ಮತ್ತೆ ಶಿಫ್ಟ್ ಚಾರ್ಟಿಗೆ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿಗೆ, ರಾತ್ರಿ ಒಂಬತ್ತರ ಕಾಲ್‌ಗೆ ಹೋಯಿತು.

ಆದ್ದರಿಂದ ಜೀವನಶೈಲಿಯ ಚೀಟಿಯ ಒಂದು ಪಾಲನ್ನು ಕಂಪನಿಗಳ ಹೆಸರಿಗೆ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಕೇಂದ್ರ ಸರ್ಕಾರ ಹೇಳಿತು. ಒಳ್ಳೆಯದೇ. ತಪಾಸಣೆ ಕಾಯಿಲೆಯನ್ನು ಹಿಡಿಯುತ್ತದೆ, ಆಮೇಲಿನ ಕೆಲಸಕ್ಕೆ ಕ್ಯಾಂಟೀನು ಬದಲಾಗಬೇಕು, ಬಿಡುವು ಸಿಗಬೇಕು. ಆದರೆ ಅದಕ್ಕೂ ಮೊದಲಿನಿಂದಲೇ ಗಾಳಿ ಬೀಸಿದ್ದು ಬೇರೆ ದಿಕ್ಕಿಗೆ. ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿ 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂತು. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು ಹದಿನಾಲ್ಕು ಗಂಟೆಗೆ ಎಳೆಯುವ ಪ್ರಸ್ತಾವ ಕೇಳಿಬಂದು, ಐಟಿ ನೌಕರರ ಸಂಘ ಕಿಟು ಅದನ್ನು ವಿರೋಧಿಸಿತು. 2025ರಲ್ಲಿ ಓಟಿ ಸೇರಿ ಹನ್ನೆರಡು ಗಂಟೆ ಎಂಬ ಇನ್ನೊಂದು ಕರಡು ಬಂತು. ಇದನ್ನು ನಾನು ವೈದ್ಯೆಯಾಗಿ ಲೆಕ್ಕ ಹಾಕಿ ನೋಡುತ್ತೇನೆ. ಹನ್ನೆರಡು ಗಂಟೆ ಕೆಲಸ, ಹೋಗಿ ಬರುವುದಕ್ಕೆ ಮೂರು ಗಂಟೆ, ಏಳು ಗಂಟೆ ನಿದ್ದೆ. ಉಳಿದ ಎರಡು ಗಂಟೆಯಲ್ಲಿ ಸ್ನಾನ, ಅಡುಗೆ, ಊಟ, ಮಕ್ಕಳು. ಹೆಂಗಸರಿಗೆ ಆ ಎರಡು ಗಂಟೆಯೂ ಸಾಲದೆ ನಿದ್ದೆಯಿಂದ ಕಳೆಯುತ್ತದೆ. ದೇಶದಲ್ಲಿ ಸುಮಾರು 10.1 ಕೋಟಿ ಸಕ್ಕರೆ ಕಾಯಿಲೆಯವರು, 13.6 ಕೋಟಿ ಹೊಸ್ತಿಲಲ್ಲಿರುವವರು ಇದ್ದಾರೆಂದು 2023ರಲ್ಲಿ ಇಂಡಿಯಾಬ್ ಸಮೀಕ್ಷೆ ಎಣಿಸಿದೆ. ಕೆಲಸದ ಹೊತ್ತನ್ನು ತೀರ್ಮಾನಿಸುವ ಸಭೆಗೆ ಕಾರ್ಮಿಕ ಇಲಾಖೆಯವರ ಜೊತೆ ಆರೋಗ್ಯ ಇಲಾಖೆಯವರನ್ನೂ ಕೂರಿಸಬೇಕು.

ಕಂಪನಿಗಳಿಗೆ ಇದು ಭಾರಿ ಖರ್ಚಿನ ಮಾತೂ ಅಲ್ಲ. ರಾಮಚಂದ್ರನ್ ತಂಡವೇ ಇನ್ನೊಂದು ಪ್ರಯೋಗ ಮಾಡಿತ್ತು, ಸಾರ್ವಜನಿಕ ಮತ್ತು ಖಾಸಗಿ ಉದ್ಯಮಗಳಲ್ಲಿ ದುಡಿಯುವ 537 ಗಂಡಸರ ಮೇಲೆ. ಎಲ್ಲರಿಗೂ ಆರಂಭದಲ್ಲಿ ಸಲಹೆ ಕೊಟ್ಟು, ಅರ್ಧ ಜನರಿಗೆ ಮಾತ್ರ ಊಟ ನಡಿಗೆ ನೆನಪಿಸುವ ಎಸ್ಸೆಮ್ಮೆಸ್ ಕಳಿಸುತ್ತಾ ಹೋದರು. ಎರಡು ವರ್ಷಕ್ಕೆ ಸಂದೇಶ ಸಿಕ್ಕವರಲ್ಲಿ ಶೇಕಡ 18, ಸಿಗದವರಲ್ಲಿ ಶೇಕಡ 27 ಜನರಿಗೆ ಕಾಯಿಲೆ ಬಂತು. 2013ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಪೀಣ್ಯದ ಯಾವ ಸಣ್ಣ ಘಟಕವೂ ನಾಳೆಯಿಂದಲೇ ಬಳಸಿಕೊಳ್ಳಬಹುದು. ಊಟದ ಬಿಡುವಿಗೆ ಹತ್ತು ನಿಮಿಷ ಸೇರಿಸಿ, ಅಂಗಳದಲ್ಲಿ ನೆರಳಿರುವ ಒಂದು ಸುತ್ತು ದಾರಿ ಬಿಡಿಸಿ, ಕ್ಯಾಂಟೀನ್ ಗುತ್ತಿಗೆದಾರರಿಗೆ ಕಾಳಿನ ಪಲ್ಯ ದಿನಾ ಇರಲೇಬೇಕೆಂದು ಬರೆದುಕೊಡಿ, ಪಾಳಿಯನ್ನು ವಾರಕ್ಕೊಮ್ಮೆ ತಿರುಗಿಸುವಾಗ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಎಂದು ಮುಂದಕ್ಕೇ ತಿರುಗಿಸಿ. ಮೈ ಹಿಂದಕ್ಕೆ ತಿರುಗುವುದಕ್ಕಿಂತ ಮುಂದಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತದೆ.

ಮಾತ್ರೆಯ ಪ್ರಶ್ನೆಗೆ ಬರುತ್ತೇನೆ. ಟೈಪ್ 1 ಕಾಯಿಲೆಯವರು, ಸ್ಟೆಂಟ್ ಹಾಕಿಸಿಕೊಂಡವರು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರು ಈ ಅಂಕಣ ಓದಿ ಒಂದು ಮಾತ್ರೆಯನ್ನೂ ಇನ್ಸುಲಿನ್ನಿನ ಒಂದು ಯೂನಿಟ್ಟನ್ನೂ ತಾವಾಗಿ ಬಿಡಬೇಡಿ. ಉಳಿದವರು, ಅದರಲ್ಲೂ ಕಾಯಿಲೆ ಬಂದು ಆರು ವರ್ಷದೊಳಗಿನವರು, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ರಿಪೋರ್ಟ್ ಜೊತೆಗೆ ಎರಡು ಚೀಟಿ ಒಯ್ಯಿರಿ. ಒಂದರಲ್ಲಿ ಕಳೆದ ವಾರ ಯಾವ ಹೊತ್ತಿಗೆ ಏನು ತಿಂದಿರಿ, ಎಷ್ಟು ಗಂಟೆ ಮಲಗಿದಿರಿ ಎಂದು ಬರೆದಿರಲಿ. ಇನ್ನೊಂದರಲ್ಲಿ ಮುಂದಿನ ತಿಂಗಳ ಶಿಫ್ಟ್. ಮಾತ್ರೆ ಕಡಿಮೆ ಮಾಡಲು ನೋಡೋಣವೇ ಎಂದು ಬಾಯಿಬಿಟ್ಟು ಕೇಳಿ. ಒಪ್ಪಿದರೆ ಮೊದಲ ವಾರಗಳಲ್ಲಿ ಯಾವ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಕೊಳ್ಳಬೇಕು, ಸಕ್ಕರೆ ಎಷ್ಟಕ್ಕಿಂತ ಕೆಳಗೆ ಅಥವಾ ಮೇಲೆ ಹೋದರೆ ಫೋನ್ ಮಾಡಬೇಕು ಎಂಬುದನ್ನು ಅಲ್ಲೇ ಬರೆಸಿಕೊಂಡು ಬನ್ನಿ.